ಮಂಗಳವಾರ, ಗುರುವಾರದ ಲೇಟ್ ಡ್ಯೂಟಿ

ನಮ್ಮದು ಹಲ್ಲು ಸೆಟ್ ಕಟ್ಟುವ ಲ್ಯಾಬು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಅದಕ್ಕೆ ಸರಿಯಾಗಿ ಹಲ್ಲು ಮಾಡಿ ಕಳಿಸುತ್ತೇವೆ. ಎರಡನೇ ಮಹಡಿಯ ಉದ್ದನೆಯ ಕೋಣೆ, ಕಿಟಕಿಯ ಪಕ್ಕ ಎರಡು ಮೇಜು. ಒಂದು ನನ್ನದು, ಇನ್ನೊಂದು ಗುಬ್ಬಿಯದು. ಕುಳ್ಳಗೆ, ಚುರುಕಾಗಿ, ಕೂತಲ್ಲಿ ಕೂರದವಳಾದ್ದರಿಂದ ಅವಳಿಗೆ ಆ ಹೆಸರು. ಹೆಸರಿಟ್ಟವಳೂ ನಾನೇ, ಕೆಲಸ ಕಲಿಸಿದವಳೂ ನಾನೇ. ಬಂದ ಹೊಸದರಲ್ಲಿ ಅವಳಿಗೆ ಮೇಣ ಕೆತ್ತುವ ಚಾಕು ಹಿಡಿಯಲೂ ಬರುತ್ತಿರಲಿಲ್ಲ.

ಎರಡೇ ವರ್ಷ. ಆಮೇಲೆ ವೈದ್ಯರು ಫೋನಿನಲ್ಲಿ, "ಆ ಚಿಕ್ಕವರ ಕೈಲೇ ಮಾಡಿಸಿ" ಅನ್ನತೊಡಗಿದರು. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ. ಗುರುವಿಗೇ ತಿರುಮಂತ್ರ ಹಾಕಿದ್ದರೆ ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ. ಯಾರು ಹೊಗಳಿದರೂ, "ಎಲ್ಲ ಅಕ್ಕ ಹೇಳಿಕೊಟ್ಟಿದ್ದು" ಎಂದು ನನ್ನ ಕಡೆ ತೋರಿಸುತ್ತಿದ್ದಳು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಒಂದು ನೆಪವನ್ನೂ ಕೊಡುವುದಿಲ್ಲ ಅವರು.

ಮೂರು ತಿಂಗಳ ಹಿಂದೆ ಒಂದು ದಿನ ಊಟದ ಹೊತ್ತಿನಲ್ಲಿ ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಮೂರು ಕಾಗದ ಹರಡಿದಳು. ಉಗುರು ತಿದ್ದಿ, ಕೃತಕ ಉಗುರು ಕೂರಿಸಿ, ಬಣ್ಣ ಹಾಕುವುದನ್ನು ಕಲಿಸುವ ಮೂರು ಕೋರ್ಸುಗಳು.

"ಈ ಕೆಲಸ ಬಿಡಲ್ಲ ಅಕ್ಕ. ಇದರ ಜೊತೆಗೇ ಕಲೀಬೇಕು. ಯಾವುದಕ್ಕೆ ಸೇರ್ಲಿ, ನೀವೇ ಹೇಳಿ."

"ಹಲ್ಲು ಸಾಕಾಯ್ತಾ? ಈಗ ಉಗುರಾ?"

"ಅದೂ ಪುಡಿ, ದ್ರವ, ಅರ. ನಮ್ಮ ಕೆಲಸದ ತಂಗಿ ಇದ್ದ ಹಾಗೆ. ಆದ್ರೆ ಅಲ್ಲಿ ಮನುಷ್ಯರು ಎದುರಿಗೇ ಕೂತಿರ್ತಾರೆ. ನಾವು ಇಷ್ಟು ವರ್ಷ ಹಲ್ಲು ಮಾಡಿದ್ವಿ, ಹಾಕ್ಕೊಂಡೋರ ಮುಖ ಒಂದಾದ್ರೂ ನೋಡಿದೀವಾ?"

ಇಪ್ಪತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತ ನನಗೆ ಈ ಮಾತು ಹೊಳೆದಿರಲಿಲ್ಲ. ಅದಕ್ಕೂ ಉರಿಯಿತು.

ಮೊದಲನೆಯ ಕೋರ್ಸು ಒಂದೇ ಭಾನುವಾರದ್ದು. ಬೆಳಿಗ್ಗೆ ಬರಿಗೈಲಿ ಹೋದರೆ ಸಂಜೆಗೆ ಪ್ರಮಾಣಪತ್ರ. ಎರಡನೆಯದು ಫೋನಿನಲ್ಲಿ ವಿಡಿಯೋ ನೋಡಿ ಕಲಿಯುವುದು, ಅಭ್ಯಾಸಕ್ಕೆ ಒಂದು ಪ್ಲಾಸ್ಟಿಕ್ ಕೈ ಅಂಚೆಯಲ್ಲಿ ಬರುತ್ತದೆ. ಮೂರನೆಯದು ನಾಲ್ಕು ತಿಂಗಳು, ಮಂಗಳವಾರ ಮತ್ತು ಗುರುವಾರ ಸಂಜೆ ಆರಕ್ಕೆ, ನಿಜವಾದ ಕೈಗಳ ಮೇಲೆಯೇ ಪಾಠ. ಯಾವುದು ಒಳ್ಳೆಯದೆಂದು ಕೂಸಿಗೂ ಗೊತ್ತಾಗುವಂತಿತ್ತು.

"ಪ್ಲಾಸ್ಟಿಕ್ ಕೈದೇ ತಗೋ," ಅಂದೆ. "ಮನೇಲೇ ಕೂತು ಕಲೀಬಹುದು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?"

ಅವಳು ಗಾದೆಗೆ ಮನಸಾರೆ ನಕ್ಕಳು. ಆಮೇಲೆ, "ಅರ ಜೋರಾದ್ರೆ ಪ್ಲಾಸ್ಟಿಕ್ ಕೈ ಹಿಂದಕ್ಕೆ ಎಳ್ಕೊಳಲ್ವಲ್ಲ ಅಕ್ಕ. ನನಗೆ ಹೇಗೆ ಗೊತ್ತಾಗ್ಬೇಕು?" ಅಂದಳು. "ಮೂರನೇ ಕಡೆ ಹೋಗಿ ನೋಡ್ಕೊಂಡು ಬಂದೆ. ಮೊದಲ ವಾರ ಬಣ್ಣಾನೇ ಮುಟ್ಟಿಸಲ್ವಂತೆ. ಸಾಮಾನು ಶುದ್ಧ ಮಾಡೋದು, ಚರ್ಮ ಪರೀಕ್ಷೆ ಮಾಡೋದು, ಇಷ್ಟೇ ಅಂತೆ. ಅದಕ್ಕೇ ಹಿಡಿಸ್ತು."

ಅಡ್ಡಿ ಒಂದೇ ಇತ್ತು. ಲ್ಯಾಬಿನಲ್ಲಿ ಸಂಜೆ ಎಂಟರವರೆಗಿನ ಲೇಟ್ ಡ್ಯೂಟಿ ನಮ್ಮಿಬ್ಬರದೇ, ಸೋಮವಾರ ಬುಧವಾರ ನನ್ನದು, ಮಂಗಳವಾರ ಗುರುವಾರ ಅವಳದು. ನಾನು ದಿನ ಬದಲಾಯಿಸಿಕೊಂಡರೆ ಅವಳು ಐದೂವರೆಗೆ ಹೊರಡಬಹುದು. ನನಗೆ ಅದರಿಂದ ಕೂದಲಷ್ಟೂ ನಷ್ಟವಿರಲಿಲ್ಲ. ಮನೆಯಲ್ಲಿ ಗಂಡ ಒಬ್ಬ, ಅವನಿಗೆ ನಾನು ಯಾವ ವಾರ ಯಾವ ಹೊತ್ತಿಗೆ ಬರುತ್ತೇನೆಂಬ ನೆನಪೂ ಇರುವುದಿಲ್ಲ. ಆದರೆ ಅವಳು ಅಲ್ಲಿಯೂ ಎಲ್ಲರನ್ನೂ ಹಿಂದೆ ಹಾಕುತ್ತಾಳೆ, ಅಲ್ಲಿಯೂ ಜನ "ಆ ಚಿಕ್ಕವರೇ ಬೇಕು" ಅನ್ನುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು.

"ಆಗಲ್ಲ ಕಣೇ," ಅಂದೆ. "ಸಂಜೆ ದೀಪದಲ್ಲಿ ಕಣ್ಣು ಮಂಜಾಗ್ತಿದೆ. ಡಾಕ್ಟ್ರು ಲೇಟ್ ಡ್ಯೂಟೀನೇ ಬೇಡ ಅಂದಿದಾರೆ. ಇರೋ ಎರಡು ದಿನಾನೇ ಹೇಗೋ ತಳ್ತಿದೀನಿ."

ಸುಳ್ಳು ತಾನಾಗಿಯೇ ಬಾಯಿಗೆ ಬಂತು, ರುಚಿಯಾಗಿಯೂ ಇತ್ತು. ಅವಳ ಮುಖ ಬಾಡಿದ್ದನ್ನು ನೋಡಿ ಕೋರ್ಸು ತಪ್ಪಿತಲ್ಲ ಎಂದು ಬಾಡಿದೆ ಅಂದುಕೊಂಡೆ. ಅವಳು ಕಾಗದ ಮಡಚಿ ಸೀದಾ ಯಜಮಾನರ ಕೋಣೆಗೆ ಹೋದಳು.

ಹತ್ತು ನಿಮಿಷದ ಮೇಲೆ ಯಜಮಾನರು ನನ್ನನ್ನು ಕರೆದರು. "ಕಣ್ಣಿನ ವಿಷಯ ನನಗೆ ಮೊದಲೇ ಹೇಳಬಾರದಿತ್ತೇನಮ್ಮ? ಇನ್ಮೇಲೆ ನಾಲ್ಕು ದಿನಾನೂ ಲೇಟ್ ಡ್ಯೂಟಿ ತಾನೇ ಮಾಡ್ತೀನಿ ಅಂದ್ಲು. ನೀವು ಬೇಗ ಹೊರಡಿ. ಮುಂದಿನ ಹಲ್ಲಿನ ಕೆಲಸಾನೂ ಅವಳಿಗೇ ಕೊಡ್ತೀನಿ, ನೀವು ಪ್ಲಾಸ್ಟರ್ ಅಚ್ಚು ನೋಡ್ಕೊಳ್ಳಿ."

ಮುಂದಿನ ಹಲ್ಲೆಂದರೆ ನಕ್ಕಾಗ ಕಾಣುವವು. ಅದು ಲ್ಯಾಬಿನಲ್ಲಿ ಅತ್ಯಂತ ಸೂಕ್ಷ್ಮದ ಕೆಲಸ, ಮೊದಲಿನಿಂದಲೂ ನನ್ನದು. ನಾನು ತೋಡಿದ ಗುಂಡಿಗೆ ನಾನೇ ಬಿದ್ದೆ, ಅದೂ ತಲೆಕೆಳಗಾಗಿ.

ಆ ವಾರವಿಡೀ ಪ್ಲಾಸ್ಟರ್ ಕಲಸಿದೆ. ಪಕ್ಕದ ಮೇಜಿನಲ್ಲಿ ಅವಳು ನನ್ನ ಹಲ್ಲುಗಳನ್ನು ಜೋಡಿಸುತ್ತಿದ್ದಳು, ನನಗಿಂತ ಚೆನ್ನಾಗಿ. ಕೋರ್ಸಿನ ಕಾಗದಗಳ ಹಿಂಬದಿಯಲ್ಲಿ ಹಲ್ಲಿನ ಬಣ್ಣದ ನಂಬರುಗಳನ್ನು ಬರೆದುಕೊಳ್ಳುತ್ತಿದ್ದಳು. ನಡುನಡುವೆ ಎದ್ದು ಬಂದು ನನ್ನ ದೀಪವನ್ನು ಸರಿಯಾಗಿ ತಿರುಗಿಸುವಳು. "ಕಣ್ಣು ಉರೀತಿದೆಯಾ ಅಕ್ಕ?" ಅನ್ನುವಳು. ಉರಿಯುತ್ತಿದ್ದದ್ದು ಬೇರೆ.

ಸೇರಲು ಶನಿವಾರ ಕಡೆಯ ದಿನ. ಶುಕ್ರವಾರ ಮಧ್ಯಾಹ್ನ ಕೋಣೆಯಲ್ಲಿ ಇಬ್ಬರೇ ಇದ್ದಾಗ ಹೇಳಿಬಿಟ್ಟೆ. ಪಶ್ಚಾತ್ತಾಪದಿಂದ ಹೇಳಿದೆ ಎಂದರೆ ಅರ್ಧ ಮಾತ್ರ ನಿಜ. ಉಳಿದರ್ಧ, ನನ್ನ ಮುಂದಿನ ಹಲ್ಲುಗಳು ನನಗೆ ವಾಪಸ್ಸು ಬೇಕಿದ್ದವು.

"ನನ್ನ ಕಣ್ಣಿಗೆ ಏನೂ ಆಗಿಲ್ಲ. ಯಾವ ಡಾಕ್ಟ್ರ ಹತ್ರಾನೂ ಹೋಗಿಲ್ಲ. ನೀನು ಹೋಗಬಾರದು ಅಂತ ಹಾಗಂದೆ."

"ಯಾಕೆ ಅಕ್ಕ?"

"ಹೊಟ್ಟೆಕಿಚ್ಚು."

ಅವಳು ಜಗಳ ಆಡುತ್ತಾಳೆ ಎಂದುಕೊಂಡಿದ್ದೆ, ಅಥವಾ ಅಳುತ್ತಾಳೆ. ಎರಡೂ ಇಲ್ಲ. ಕೈಯಲ್ಲಿದ್ದ ಹಲ್ಲನ್ನು ಮೇಣದ ಮೇಲೆ ಕೂರಿಸಿ, ಸರಿಯಾಗಿದೆಯೇ ನೋಡಿ, ಮತ್ತೆ ತೆಗೆದು, ಮತ್ತೆ ಕೂರಿಸಿದಳು. "ನನ್ನ ಮೇಲಾ?" ಅಂದಳು. ನಾನು ತಲೆಯಾಡಿಸಿದೆ. ಅವಳು ಎದ್ದು ಏಪ್ರನ್ನಿಗೆ ಕೈ ಒರೆಸಿಕೊಂಡಳು. ನಂತರ ಹೋಗಿ ಯಜಮಾನರಿಗೆ, ಮೇಡಂ ಕಣ್ಣು ಸರಿಹೋಗಿದೆಯಂತೆ, ದಿನ ಬದಲಾಯಿಸಿಕೊಳ್ಳುತ್ತೇವೆ, ಎಂದಷ್ಟೇ ಹೇಳಿದಳು. ನನ್ನ ಸುಳ್ಳನ್ನು ಬಿಟ್ಟುಕೊಡಲಿಲ್ಲ. ಶನಿವಾರ ಅರ್ಧ ದಿನ ರಜೆ ಹಾಕಿ ಮೂರನೆಯ ಕೋರ್ಸಿಗೇ ಸೇರಿಬಂದಳು.

ಮುಂದಿನ ಹಲ್ಲುಗಳು ನನ್ನ ಮೇಜಿಗೆ ಮರಳಿವೆ. ಮಂಗಳವಾರ, ಗುರುವಾರ ಐದೂವರೆಗೆ ಅವಳು ಏಪ್ರನ್ ಬಿಚ್ಚಿಟ್ಟು, "ಬರ್ತೀನಿ ಮೇಡಂ" ಎಂದು ಹೊರಡುತ್ತಾಳೆ. ಮಾತಿನಲ್ಲಿ ಮರ್ಯಾದೆಗೆ ಏನೂ ಕಮ್ಮಿಯಿಲ್ಲ. ಕೆಲಸದ ವಿಷಯ ಕೇಳಿದರೆ ನಿಂತು ಉತ್ತರ ಕೊಡುತ್ತಾಳೆ.

ಹೋದ ವಾರ ನಮ್ಮ ಲ್ಯಾಬಿನಲ್ಲಿ ಫೋನ್ ಎತ್ತುವ ಹುಡುಗಿ ಆ ಕ್ಲಾಸಿಗೆ ಹೋಗಿ ಗುಬ್ಬಿಯ ಕೈಲೇ ಉಗುರು ಮಾಡಿಸಿಕೊಂಡು ಬಂದಳು. ಹತ್ತು ಬೆರಳನ್ನೂ ನನ್ನ ಮುಂದೆ ಚಾಚಿ, "ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ ಗೊತ್ತಾ," ಅಂದಳು. "ಗುರುತು ಪರಿಚಯ ಇಲ್ದೋರ ಕೈನೂ ಹಿಡ್ಕೊಂಡು, ಸಡಿಲ ಬಿಡಿ ಅಕ್ಕ, ಈ ಕಡೆ ತಿರುಗಿಸಿ ಅಕ್ಕ, ಅಂತಾನೇ ಇರ್ತಾರೆ."

ಉಗುರು ನಿಜಕ್ಕೂ ಚೆನ್ನಾಗಿತ್ತು. ಅದರ ಮೇಲೆ ನನಗೆ ಏನೂ ಅನ್ನಿಸಲಿಲ್ಲ. ನಾಳೆ ಮಂಗಳವಾರ, ಆರು ಗಂಟೆಗೆ ಇನ್ಯಾರೋ ಹೆಂಗಸು ಹೋಗಿ ಗುಬ್ಬಿಯೆದುರು ಕೂತು 'ಅಕ್ಕ' ಅನ್ನಿಸಿಕೊಳ್ಳುತ್ತಾಳೆ, ಆ ಹೆಂಗಸು ಯಾರೆಂದು ನನಗೆ ಗೊತ್ತಿಲ್ಲ, ಅವಳನ್ನು ನೆನೆದರೇ ನನ್ನ ಹೊಟ್ಟೆ ಉರಿಯುತ್ತದೆ.