ಅಜ್ಜಿ ಎಣ್ಣೆ ಹಾಕಿದ ಬ್ಯಾಲೆ ಶೂ

ಅರವತ್ತರ ದಶಕದ ಒಂದು ಬೇಸಿಗೆ ರಜೆ. ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ ಮಾವನ ಮಗಳು ತಲ್ಲೂರಿನ ನಮ್ಮ ಮನೆಗೆ ಬಂದಿದ್ದಳು. ನನ್ನದೇ ವಯಸ್ಸು, ಹದಿಮೂರು. ಅಲ್ಲಿ ಬ್ಯಾಲೆ ಕಲಿಯುತ್ತಿದ್ದಳು. ಗುಲಾಬಿ ಬಣ್ಣದ ಬಟ್ಟೆಯ ಶೂ ಕಟ್ಟಿಕೊಂಡು ಕಾಲ್ಬೆರಳ ತುದಿಯ ಮೇಲೆ ಎದ್ದು ನಿಂತಳೆಂದರೆ, ಅಯ್ಯಬ್ಬಾ, ನನಗೆ ಉಸಿರೇ ಕಟ್ಟುತ್ತಿತ್ತು. ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ. ಜೂನಿನಲ್ಲಿ ಅವಳು ಮೊದಲ ಸಲ ವೇದಿಕೆಯ ಮೇಲೆ ಒಬ್ಬಳೇ ಕುಣಿಯಬೇಕಿತ್ತು. ರಜೆಯಲ್ಲಿ ಅಭ್ಯಾಸ ಬಿಟ್ಟು ಕಾಲು ನಡುಗಿದರೆ ಬೇರೆಯವಳನ್ನು ನಿಲ್ಲಿಸುತ್ತೇನೆಂದು ಟೀಚರ್ ಹೆದರಿಸಿಯೇ ಕಳಿಸಿದ್ದರು.

ಅವಳ ಬೆರಳ ಮೇಲಿನ ಬೊಕ್ಕೆ ಅಜ್ಜಿಯ ಕಣ್ಣಿಗೆ ಬಿತ್ತು. ಹೊಸ ಮೆಟ್ಟು ಕಚ್ಚಿದರೆ ನಮ್ಮಲ್ಲಿ ಮಾಡುವುದನ್ನೇ ಅಜ್ಜಿ ಮಾಡಿದರು: ಶೂಗಳನ್ನು ಬಿಸಿನೀರಲ್ಲಿ ನೆನೆಸಿ, ತೆಂಗಿನೆಣ್ಣೆ ತಿಕ್ಕಿ, ಬಿಸಿಲಿಗಿಟ್ಟರು. ಅಂಟು ಹಾಕಿ ಗಟ್ಟಿ ಮಾಡಿದ್ದ ತುದಿ ಸಂಜೆಗೆ ನೆನೆದ ಹಪ್ಪಳದ ಹಾಗಾಗಿತ್ತು. ತುದಿ ಗಟ್ಟಿಯಿಲ್ಲದೆ ಬೆರಳ ಮೇಲೆ ನಿಲ್ಲುವಂತಿಲ್ಲ, ಬೇರೆ ಜೋಡಿಯೂ ಇರಲಿಲ್ಲ.

ಹುಡುಗಿ ಗೋಳೋ ಎಂದು ಅತ್ತಳು. "ಕಾಲ್ ಕಚ್ಚುದ್ ಬೇಡ ಅಂದೇ ಹಾಕ್ದೆ ಮಗಾ" ಎನ್ನುತ್ತ ಅಜ್ಜಿಯೂ ಅತ್ತರು. ಆ ದಿನ ಅವರು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆಯೂ ಅವಳ ಅಳು ನಿಂತಿರಲಿಲ್ಲ. "ಮರ್ಕ್‌ಬೇಡ, ಮೆಟ್ಟಿಲ್ದೆ ನಿಂತ್ಕಂಬುಕೆ ನಾ ಕಲ್ಸ್ತೆ" ಎಂದು ಅಜ್ಜಿ ಅವಳನ್ನು ಸಂಕಕ್ಕೆ ಕರೆದೊಯ್ದರು. ಸಂಕವೆಂದರೆ ತೋಡಿಗೆ ಅಡ್ಡ ಹಾಕಿದ ಒಂದೇ ತೆಂಗಿನ ಮರ, ಹಿಡಿಯಲು ಏನೂ ಇಲ್ಲ. ಅರವತ್ತು ದಾಟಿದ ಅಜ್ಜಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರಿಗಾಲಲ್ಲಿ ಸರಸರ ದಾಟಿ, ಕಾಲನ್ನೇ ನೋಡುತ್ತ ನಿಂತವಳಿಗೆ ಆಚೆ ದಡದಿಂದ ಕೂಗಿದರು.

"ಹ್ವಾಯ್, ಕಾಲ್ ಕಾಣ್ಬೇಡ. ನನ್ನ್ ಮೋರೆ ಕಂಡ್ಕಂಡ್ ಬಾ!"

ಮೂರು ಸಲ ತೋಡಿಗೆ ಬಿದ್ದಳು. ಸೊಂಟದ ಮಟ್ಟದ ನೀರು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾಲ್ಕನೆಯ ದಿನ ದಾಟಿಯೇಬಿಟ್ಟಳು! ಆಮೇಲೆ ರಜೆಯುದ್ದಕ್ಕೂ ಆ ಮರದ ನಟ್ಟನಡುವೆ ಒಂಟಿ ಕಾಲಲ್ಲಿ, ಕತ್ತು ನೆಟ್ಟಗೆ ಮಾಡಿ ನಿಲ್ಲುತ್ತಿದ್ದಳು. ನನ್ನ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ, ನಾನೇ ಚಪ್ಪಾಳೆ ತಟ್ಟುತ್ತಿದ್ದೆ.

ಜುಲೈಯಲ್ಲಿ ಕಾಗದ ಬಂತು, ಜೊತೆಗೊಂದು ಫೋಟೋ. ಹೊಸ ಶೂ ತೊಟ್ಟು ವೇದಿಕೆಯ ಮೇಲೆ ಬೆರಳ ತುದಿಯಲ್ಲಿ, ನೇರ ಎದುರಿಗೆ ನೋಡುತ್ತ ನಿಂತಿದ್ದಳು. ಕಾಲು ಇಷ್ಟು ಗಟ್ಟಿ ಹೇಗಾಯಿತೆಂದು ಟೀಚರ್ ಕೇಳಿದರಂತೆ, ಊರಲ್ಲಿ ಅಜ್ಜಿ ಕಲಿಸಿದರು ಅಂದಳಂತೆ. ನಾನು ಓದಿ ಹೇಳಿದೆ. ಅಜ್ಜಿ ಫೋಟೋವನ್ನು ಸೆರಗಿನಿಂದ ಒರೆಸಿ, ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಕಾಣ್, ಕಾಲ್ ಕಾಂತಿಲ್ಲೆ ಅದ್" ಅಂದರು. "ನನ್ನ್ ಮೋರೆನೇ ಕಾಂತಾ ಇತ್ತ್."