‘ಕುಂದರ್ರಿ’ ಅನ್ನಬೇಡಿ

ವಿಜಯಪುರ ಕಡೆಯವಳಾದ ನಾನು ಮದುವೆಯಾಗಿ ಬೆಂಗಳೂರಿಗೆ ಬಂದಾಗ ಒಂದೇ ಒಂದು ಧೈರ್ಯವಿತ್ತು. ಇಂಗ್ಲಿಷ್ ಅಷ್ಟಕ್ಕಷ್ಟೆ, ಹಿಂದಿ ಹೇಗೋ ನಡೆಯುತ್ತದೆ, ಆದರೆ ಕನ್ನಡ ನನ್ನದು. ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದೆವು. ಗಂಡ ಫ್ಯಾಕ್ಟರಿಗೆ ಹೋಗುತ್ತಿದ್ದರು. ನನಗೆ ಪಕ್ಕದ ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತು. ಕೊರಿಯರ್‌ನವರು, ಎಸಿ ರಿಪೇರಿಯವರು, ಸರ್ಕಾರಿ ಕಚೇರಿಯವರು ಬಂದರೆ ಮಾತಾಡಲು ಕನ್ನಡದವರು ಬೇಕೆಂದೇ ನನ್ನನ್ನು ತೆಗೆದುಕೊಂಡಿದ್ದರು.

ಸೇರಿದ ಹೊಸತರಲ್ಲಿ ಒಬ್ಬ ಹಿರಿಯರು ಯಾರನ್ನೋ ಕಾಣಲು ಬಂದರು.

"ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ್ರಿ. ಸ್ವಲ್ಪ ಕುಂದರ್ರಿ, ನೀರು ತರಸ್ಲೇನ್ರಿ?" ಅಂದೆ.

ಅವರು ಕೂತರು, ನೀರು ಕುಡಿದರು, ಕೆಲಸ ಮುಗಿಸಿಕೊಂಡು ಹೋದರು. ಆಮೇಲೆ ಅಡ್ಮಿನ್ ಮೇಡಂ ನನ್ನನ್ನು ಒಳಗೆ ಕರೆದರು. ಬೆಂಗಳೂರಲ್ಲೇ ಹುಟ್ಟಿ ಬೆಳೆದವರು. ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕಂಡಿಲ್ಲ.

"ತಪ್ಪು ತಿಳ್ಕೋಬೇಡಿ. ನಿಮ್ಮ ಭಾಷೆ ಸ್ವಲ್ಪ ರಫ್ ಅನ್ಸುತ್ತೆ. ಕುಂದರ್ರಿ ಅನ್ಬೇಡಿ, ಕೂತ್ಕೊಳ್ಳಿ ಅನ್ನಿ. ಫ್ರಂಟ್ ಆಫೀಸಲ್ಲಿ ಸರಿಯಾದ ಕನ್ನಡ ಇರ್ಬೇಕು."

ಆ ‘ರಿ’ ಇಲ್ಲದೆ ನಮ್ಮ ಕಡೆ ದಾರಿಯಲ್ಲಿ ಹೋಗುವವರನ್ನೂ ಮಾತಾಡಿಸುವುದಿಲ್ಲ, ಅದೇ ನಮ್ಮ ಮರ್ಯಾದೆ ಅಂತ ಹೇಳಬೇಕೆನ್ನಿಸಿತು. ಕೆಲಸ ಹೊಸದು. "ಆಯ್ತು ಮೇಡಂ" ಅಂದು ಬಂದೆ. ಅಂದಿನಿಂದ ಬಾಯಿ ತೆರೆಯುವ ಮುಂಚೆ ಪ್ರತಿ ಮಾತನ್ನೂ ಒಳಗೆ ಒಮ್ಮೆ ತಿದ್ದಿಕೊಳ್ಳುವುದು ಅಭ್ಯಾಸವಾಯಿತು. ಅದಾರ ಅಲ್ಲ, ಇದ್ದಾರೆ. ಬ್ಯಾಡ ಅಲ್ಲ, ಬೇಡ. ಸಂಜೆ ಮನೆಗೆ ಬರುವಾಗ ಯಾರ ಜೊತೆಗೂ ಮಾತೇ ಬೇಡ ಅನ್ನಿಸುವಷ್ಟು ದಣಿವು.

ಆ ದಿನಗಳಲ್ಲೇ ಲಕ್ನೋದಿಂದ ಒಬ್ಬ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯ. ಕನ್ನಡ ಕಲಿಯಬೇಕೆಂಬ ಆಸೆ. ದಿನಾ ನನ್ನ ಟೇಬಲ್ ಹತ್ತಿರ ನಿಂತು, "ನೀನು ಹೇಗೆ ಇದ್ದಾನೆ?" ಅನ್ನುವರು. ನಾನು ಮೇಡಂ ಹೇಳಿಕೊಟ್ಟ ಕನ್ನಡದಲ್ಲಿ ತಿದ್ದುವೆ. ಕ್ಯಾಂಟೀನಿನಲ್ಲಿ ಅವರು "ನಿನ್ನೆ ನಾನು ದೋಸೆ ತಿನ್ನುತ್ತದೆ" ಅಂದರೆ ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದರು. ಅಡ್ಮಿನ್ ಮೇಡಂ ಫೋನ್ ತೆಗೆದು ವಿಡಿಯೊ ಮಾಡಿಕೊಂಡು, "ಎಷ್ಟು ಮುದ್ದಾಗಿ ಮಾತಾಡ್ತಾರೆ ಅಲ್ವಾ?" ಅಂತ ನನಗೂ ತೋರಿಸಿದರು. ನಿಜವಾಗಿಯೂ ಮುದ್ದಾಗಿಯೇ ಇತ್ತು.

ನವೆಂಬರಿನಲ್ಲಿ ಆಫೀಸಿನಲ್ಲಿ ರಾಜ್ಯೋತ್ಸವ. ಒಂದು ಸಣ್ಣ ನಾಟಕ ಆಡುವುದೆಂದಾಯಿತು: ಹಳ್ಳಿಯ ಹೆಂಗಸೊಬ್ಬಳು ಐಟಿ ಕಂಪನಿಗೆ ಬಂದು ಲಿಫ್ಟು, ಕಾಫಿ ಮಷೀನು ನೋಡಿ ಪೇಚಾಡುವುದು. ಮೇಡಂ ನನ್ನ ಹತ್ತಿರ ಬಂದರು.

"ಈ ಪಾತ್ರ ನೀವೇ ಮಾಡ್ಬೇಕು. ಡೈಲಾಗ್ ಕಲಿಯೋದೂ ಬೇಡ. ನಿಮ್ಮೂರಲ್ಲಿ ಹೇಗ್ ಮಾತಾಡ್ತೀರೋ ಹಾಗೇ ಮಾತಾಡಿ, ಸಾಕು."

"ನನಗ ಬ್ಯಾಡ್ರಿ ಮೇಡಂ" ಅಂದುಬಿಟ್ಟೆ. ತಿದ್ದಿಕೊಳ್ಳಲು ಪುರುಸೊತ್ತು ಸಿಗಲಿಲ್ಲ.

"ನೋಡಿ, ಇದೇ ಬೇಕಾಗಿರೋದು" ಅಂತ ಅವರು ನಕ್ಕರು. ಬಹಳ ಹೊತ್ತು ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ.

ಕೊನೆಗೆ ಅಕೌಂಟ್ಸ್‌ನ ಒಬ್ಬರು ಇಳಕಲ್ ಸೀರೆ ಉಟ್ಟುಕೊಂಡು ಆ ಪಾತ್ರ ಮಾಡಿದರು. "ಕುಂದರ್ರಿ" ಅಂದಾಗ ಹಾಲ್ ತುಂಬ ನಗು. "ಹೌದ್ರಿ" ಅಂದರೂ ನಗು. ನಾನು ಹಿಂದಿನ ಸಾಲಿನಲ್ಲಿ ಹೌಸ್‌ಕೀಪಿಂಗ್‌ನ ಒಬ್ಬಾಕೆಯ ಪಕ್ಕ ಕೂತಿದ್ದೆ. ರಾಯಚೂರಿನವಳು. ಎಲ್ಲರ ಜೊತೆ ಅವಳೂ ನಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಕಡೆ ಬಗ್ಗಿ ಕೇಳಿದಳು, "ಅಕ್ಕ, ನಮ್ಮ ಮಾತಿಗೇ ನಗಾಕತ್ತಾರೇನು?" ನಾನು ಹೂಂ ಅಂದೆ. ಅವಳು ನಗುವುದನ್ನು ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು.

ನಾಟಕದ ನಂತರ ಮ್ಯಾನೇಜರ್ ಸರ್ ಕನ್ನಡದಲ್ಲಿ ನಾಲ್ಕು ಮಾತಾಡಿದರು. ಹೆಚ್ಚುಕಮ್ಮಿ ಎಲ್ಲವೂ ತಪ್ಪು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಆ ಶಾಲಿನಲ್ಲೇ ಅವರು ನನ್ನ ಹತ್ತಿರ ಬಂದು ಹಿಂದಿಯಲ್ಲಿ ಕೇಳಿದರು, "ನಾಟಕದಲ್ಲಿ ಎಲ್ಲರೂ ಅಷ್ಟೊಂದು ನಕ್ಕರಲ್ಲ, ಜೋಕ್ ಏನು? ನನಗೆ ಗೊತ್ತಾಗಲಿಲ್ಲ."

"ಜೋಕ್ ಏನೂ ಇಲ್ಲ ಸರ್. ನಮ್ಮ ಊರಿನವರು ಮಾತಾಡೋದೇ ಹಾಗೆ."

ಅವರಿಗೆ ಕಸಿವಿಸಿಯಾಯಿತು. ಏನೋ ಹೇಳಬೇಕೆಂದುಕೊಂಡು, "ಹಾಗಾದರೆ ಅದನ್ನೂ ನನಗೆ ಕಲಿಸು, ತಮಾಷೆಯಾಗಿದೆ" ಅಂದು ಹೋದರು.

ಮರುದಿನ ಮೇಡಂ ಚೇಂಬರಿಗೆ ನಾನಾಗಿಯೇ ಹೋದೆ. "ಸರ್ ತಪ್ಪು ಮಾತಾಡಿದ್ರೆ ಚಪ್ಪಾಳೆ ಹೊಡೀತೀರಿ ಮೇಡಂ. ನಾನು ಒಂದೂ ತಪ್ಪಿಲ್ಲದೆ ನನ್ನ ಭಾಷೆ ಮಾತಾಡಿದ್ರೆ ಯಾಕೆ ತಿದ್ತೀರಿ?"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅವ್ರು ಪಾಪ ಹೊರಗಿನವ್ರು, ಕಲೀತಿದ್ದಾರೆ. ನೀವು ನಮ್ಮವ್ರೇ ಅಲ್ವಾ? ನಮ್ಮವ್ರು ಅಂತಾನೇ ಹೇಳೋದು."

ಎದ್ದು ಬಂದು ನನ್ನ ಕುರ್ಚಿಯಲ್ಲಿ ಕೂತೆ. ಫೋನ್ ಬಂತು. "ನಮಸ್ಕಾರ, ಹೇಳಿ" ಅಂದೆ.

ಸಂಜೆ ಮನೆ ಓನರ್ ಅಜ್ಜಿ ಗೇಟಿನ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದರು. ಈ ಊರಿನ ಮೂಲದವರು, ಹಿಂದೆ ಇಲ್ಲೇ ರಾಗಿ ಬೆಳೆಯುತ್ತಿದ್ದವರು.

"ಯಾಕವ್ವ, ಮಕ ಇಂಗಾಗೈತೆ?" ಅಂದರು. ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ನಮ್ಮ ಮಾತಿನಲ್ಲೇ ಹೇಳಿದೆ. ಅವರು ಸುಲಿಯುತ್ತಲೇ ಕೇಳಿಸಿಕೊಂಡರು.

"ನನ್ನ ಮೊಮ್ಮಗಳೂ ಅಷ್ಟೇಯ. ಅವಳ ಸ್ನೇಯಿತ್ರು ಬಂದ್ರೆ ಅಜ್ಜಿ ನೀನು ಒಳಗಿರು ಅಂತಾಳೆ. ನಾನು ಅಂಗೆ ಇಂಗೆ ಅಂತೀನಂತೆ, ಅವಳ್ಗೆ ನಾಚಿಕೆ ಆಯ್ತದಂತೆ. ಈ ಮನೆ ಕಟ್ಸಿದ್ದು ನಾನು."

ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.

"ಆದ್ರೂ ಒಂದು ಮಾತು ಕಣವ್ವ" ಅಂದರು ಅಜ್ಜಿ, "ನಿಮ್ಮ ಕಡೆಯೋರು ಮಾತಾಡಿದ್ರೆ ಜಗಳ ಆಡ್ದಂಗೇ ಇರ್ತದೆ."