ತಟ್ಟೆ ಇಡ್ಲಿಯಷ್ಟು ಮುಖ

ನನ್ನ ಮುಖ ತಟ್ಟೆ ಇಡ್ಲಿಯಷ್ಟಿದೆ ಎಂಬುದು ಅರವತ್ತೆರಡು ವರ್ಷ ನನಗೆ ಗೊತ್ತಿರಲಿಲ್ಲ. ಕಳೆದ ಚುನಾವಣೆಯಲ್ಲಿ ಕೃಷ್ಣರಾಜಪೇಟೆಯ ಬಸ್ ನಿಲ್ದಾಣದೆದುರು ಎದ್ದುನಿಂತ ಫ್ಲೆಕ್ಸೊಂದು ಆ ಜ್ಞಾನೋದಯವನ್ನು ದಯಪಾಲಿಸಿತು. ನಡುವೆ ಕೈಮುಗಿದು ನಗುವ ವಿಶ್ವರೂಪಿ ಅಭ್ಯರ್ಥಿ. ಅವರ ಪಾದಮೂಲದ ಎಡಬಲಗಳಲ್ಲಿ ಸಾಲುಗಟ್ಟಿದ ಮುಖಂಡರ ಮುಖಗಳು. ಆ ಸಾಲಿನ ಬಲತುದಿಯಲ್ಲಿ, ಮೈಸೂರು ಪೇಟ ತೊಟ್ಟು, ರಾಜಕೀಯದ ಗಂಧಗಾಳಿಯಿಲ್ಲದ ನಿವೃತ್ತ ಕನ್ನಡ ಮೇಷ್ಟ್ರಾದ ನಾನು! ಸುಳ್ಳೇಕೆ, ಒಂದು ಕ್ಷಣ ಖುಷಿಯೇ ಆಯಿತು.

ಆಮೇಲೆ ದಿಗಿಲಾಗಿ ಫ್ಲೆಕ್ಸ್ ಅಂಗಡಿಗೆ ಓಡಿದೆ. ಅಂಗಡಿಯಾತ ನನ್ನ ಹಳೆಯ ವಿದ್ಯಾರ್ಥಿ. ನನ್ನ ನಿವೃತ್ತಿ ಸನ್ಮಾನದ ಬ್ಯಾನರ್ ಮಾಡಿದವನೂ ಅವನೇ. "ಎಡಕ್ಕೆ ಏಳು ತಲೆ ಇತ್ತು ಸಾ, ಬಲಕ್ಕೆ ಆರೇ. ಬ್ಯಾಲೆನ್ಸ್ ಬರ್ನಿಲ್ಲ. ನಿಮ್ ಪೋಟೋ ಕಂಪ್ಯೂಟರ್ನಾಗೇ ಇತ್ತು, ಆಕ್ಬುಟ್ಟೆ" ಎಂದ. ಬಿಟ್ಟ ಸ್ಥಳ ತುಂಬುವುದನ್ನು ಅವನಿಗೆ ಮೂರು ವರ್ಷ ಕಲಿಸಿದವನು ನಾನೇ, ಯಾರನ್ನು ಬೈಯಲಿ? ಅಷ್ಟರಲ್ಲಿ ಫ್ಲೆಕ್ಸ್ ಹಳ್ಳಿಹಳ್ಳಿಗೂ ಮುಟ್ಟಿತ್ತು.

ನಗೆಯ ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಪುಟ್ಟೇಗೌಡರಿಂದಾಗಿ ಮುಗಿಯಲಿಲ್ಲ. ನಮ್ಮೂರ ಈ ಗೌಡರು ಎದುರು ಪಕ್ಷಕ್ಕಾಗಿ ಬೆವರು ಸುರಿಸುವವರು. ಅವರು ಡೇರಿಗೆ ಹಾಲು ಹಾಕಿ ಬಂದು ಟೀ ಅಂಗಡಿಯಲ್ಲಿ ನನ್ನ ಪಕ್ಕ ಕೂರುವುದು, ನಾನು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಪ್ರತಿ ಸುದ್ದಿಗೂ ಅವರು "ಬರೀ ಬುರುಡೆ" ಎಂದು ಷರಾ ಹಾಕುವುದು ಹದಿನೈದು ವರ್ಷದ ಪದ್ಧತಿ. ಫ್ಲೆಕ್ಸ್ ಬಂದ ಮರುದಿನ, "ಪಕ್ಕದಲ್ಲೇ ಕುಂತು ಕತ್ತು ಕುಯ್ದ್ಬುಟ್ರಲ್ಲ ಮೇಷ್ಟ್ರೇ" ಎಂದವರೇ ಎದ್ದರು. ಏಳು ತಲೆ, ಆರು ತಲೆಯ ಗಣಿತವನ್ನು ವಿವರಿಸಿದೆ. "ಪೋಟೋನೇ ಐತಲ್ಲ" ಎಂದು ಹೊರಟೇಬಿಟ್ಟರು.

ನೋಡಿದಿರಾ, ಓದುಗ ಮಹಾಶಯರೇ, ಜಾಹೀರಾತಿನ ಮಹಿಮೆಯನ್ನು? ಅಭ್ಯರ್ಥಿಯ ಬಗ್ಗೆ ಅದರಲ್ಲಿ ಬರೆದದ್ದನ್ನು ಒಬ್ಬರೂ ನಂಬಲಿಲ್ಲ. ನನ್ನ ಬಗ್ಗೆ ಬರೆಯದೇ ಇದ್ದದ್ದನ್ನು ಊರಿಗೆ ಊರೇ ನಂಬಿತು. ದಿನವೂ ಒಬ್ಬನೇ ಕೂತು ಪತ್ರಿಕೆ ಓದಿದೆ. ಬುರುಡೆ ಎನ್ನುವವರಿಲ್ಲದೆ ಎಲ್ಲ ಸುದ್ದಿಯೂ ನಿಜವೆಂದೇ ತೋರಿ ಹೆದರಿಕೆಯಾಗುತ್ತಿತ್ತು. ಟೀ ರುಚಿಸುತ್ತಿರಲಿಲ್ಲ, ಗೌಡರಿಲ್ಲದೆ ನಿಜಕ್ಕೂ ಸಂಕಟವಾಗಿತ್ತು.

ಚುನಾವಣೆ ಮುಗಿಯಿತು. ನಮ್ಮ ಕಡೆ ಫಲಿತಾಂಶ ಬರುವ ಮೊದಲೇ ಫ್ಲೆಕ್ಸುಗಳು ಹುಲ್ಲಿನ ಮೆದೆಗೆ, ಕೊಟ್ಟಿಗೆಗೆ ಹಂಚಿಹೋಗಿರುತ್ತವೆ. ಪ್ರಚಾರದಲ್ಲಿ ಪಕ್ಷಾತೀತವಾಗಿ ಜನೋಪಯೋಗಿಯಾದದ್ದು ಅದೊಂದೇ. ಮೂರು ತಿಂಗಳ ಬಳಿಕ ಒಂದು ಬೆಳಿಗ್ಗೆ ಗೌಡರು ಫೋನ್ ಮಾಡಿ ಕೊಟ್ಟಿಗೆಗೆ ಕರೆದರು. ಹೋಗಿ ನೋಡಿದರೆ, ಎಮ್ಮೆಯ ನೆತ್ತಿಯ ಮೇಲೆ, ಬಿಳಿಯ ಬೆನ್ನು ಬಿಸಿಲಿಗೆ, ಚಿತ್ರ ಒಳಮುಖ ಮಾಡಿ ಸೂರಿಗೆ ಬಿಗಿದ ಅದೇ ಫ್ಲೆಕ್ಸ್! ಅಭ್ಯರ್ಥಿಯ ಭಾಗ ಬಚ್ಚಲಿಗೆ ಮರೆ ಕಟ್ಟಲು ಹೋಗಿತ್ತಂತೆ. ಇಲ್ಲಿ ಉಳಿದದ್ದು ನಮ್ಮ ಸಾಲು.

ಗೌಡರು ಕೆಚ್ಚಲಿನಿಂದ ಕಣ್ಣೆತ್ತದೆ ಹೇಳಿದರು: "ದಿನಾ ಆಲು ಕರೆಯೋವಾಗ ಮೇಲಿಂದ ನೋಡ್ತಾನೇ ಇರ್ತೀರಿ. ನಂಗೂ ಬೈದು ಬೈದು ಸಾಕಾಯ್ತು. ಈ ಪೋಟೋ ಮೇಷ್ಟ್ರು ಒಂದಕ್ಷರ ಪೇಪರ್ ಓದಕ್ಕಿಲ್ಲ. ನಾಳಿಕೆ ಟೀ ಅಂಗ್ಡಿಗೆ ಬತ್ತೀನಿ, ಕನ್ನಡಕ ಮರೀಬ್ಯಾಡಿ."

ಕಣ್ಣು ತುಂಬಿದ್ದನ್ನು ತೋರಗೊಡದೆ ಮೇಲೆ ನೋಡಿದೆ. ಸೊಳ್ಳೆಗೆ ಹಾಕಿದ ಹೊಗೆ ಹಿಡಿದು, ತಟ್ಟೆ ಇಡ್ಲಿಯಷ್ಟು ಮುಖ ರಾಗಿಮುದ್ದೆಯ ಬಣ್ಣಕ್ಕೆ ತಿರುಗಿತ್ತು. ಈಗ ಅದು ನಮ್ಮೂರಿನದು ಅನಿಸಿತು.